ಬೈರಪ್ಪನ ಪುಟ

‘ಕ್ಷಮಿಸಿ’ ಎಂದು ಬರೆದು ಅಳಿಸಿದ. ಯಾರ ಪರವಾಗಿ ಯಾರನ್ನು ಕ್ಷಮೆ ಕೇಳುವುದು? ಎಂಸಿಎ ಓದಿದ ಭಾನುಪ್ರಕಾಶ್ ದೊಡ್ಡಬಳ್ಳಾಪುರದ ಸೀರೆ ಅಂಗಡಿಯ ಮಹಡಿಯಲ್ಲಿ ಕೂತು ಬೆಳಗಿನಿಂದ ಒಂದೇ ವಾಕ್ಯಕ್ಕೆ ತಿಣುಕುತ್ತಿದ್ದ.

ಅಂಗಡಿಯ ಪ್ರತಿ ಸೀರೆಗೂ ಒಂದು ಚೀಟಿ. ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ನೇಯ್ದವರ ಹೆಸರು, ಫೋಟೋ ಇರುವ ಪುಟ ತೆರೆಯುತ್ತಿತ್ತು. ಮಗ್ಗ ನಿಲ್ಲಿಸಿದವರ ಪುಟಗಳನ್ನು ತೆಗೆದುಹಾಕಲು ಮಾಲೀಕ ನಂದಕುಮಾರ್ ಹೇಳಿದ್ದ, ಭಾನು ತೆಗೆದಿದ್ದ. ಅವುಗಳಲ್ಲೊಂದು ಅವನಪ್ಪ ಬೈರಪ್ಪನದು. ಅಳಿಸುವಾಗ ಏನೂ ಅನ್ನಿಸಲಿಲ್ಲವಲ್ಲ ಎಂದು ಆಮೇಲೆ ಬೇಸರವಾಯಿತು. ಬೇಸರವಾದರೂ ಆಯಿತಲ್ಲ ಎಂದು ಕೊಂಚ ಸಮಾಧಾನವೂ ಆಯಿತು. ಅಪ್ಪನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಈಗ ಆ ನೇಕಾರರ ಹಳೆಯ ಚೀಟಿಗೆ ಫೋನು ಹಿಡಿದರೆ, ಸೈಟು ಬರೆದ ಭಾಷೆಯಾದ ಪಿಎಚ್‌ಪಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಳ್ಳುತ್ತಿತ್ತು: ಯಾವ ಫೈಲು, ಎಷ್ಟನೇ ಸಾಲು, ಏನು ತಪ್ಪು.

“ಗಿರಾಕಿ ಎದುರು ಮರ್ಯಾದೆ ಹೋಗ್ತದೆ ಗುರು. ಏನಾದ್ರೂ ಚೆಂದದ್ದು ಹಾಕು,” ಎಂದ ನಂದಕುಮಾರ್.

“ಈ ಪುಟ ಇಲ್ಲ ಅಂತ ಹಾಕ್ಲಾ ಸಾರ್?”

“ಇಲ್ಲ ಅನ್ಬಾರ್ದು ಕಣಪ್ಪ. ಅಂಗಡೀಲಿ ಕೂತ್ಕೊಂಡು ಯಾರಾದ್ರೂ ಇಲ್ಲ ಅಂತಾರಾ?”

ಇಲ್ಲ ಎನ್ನದೆ ಇಲ್ಲವೆನ್ನುವುದರಲ್ಲಿ ಭಾನು ಪಳಗಿದವನೇ. ‘ನಮ್ಮ ನೇಕಾರರು ಸದ್ಯ ಬಿಡುವಿನಲ್ಲಿದ್ದಾರೆ’ ಎಂದು ಬರೆದ. ಗಿರಾಕಿಗೆ ಈ ಸವಿಮಾತು. ಸರ್ಚ್ ಯಂತ್ರಕ್ಕೆ ಮಾತ್ರ ಒಳಗಿಂದೊಳಗೇ 404, ಅಂದರೆ ‘ಪುಟ ಇಲ್ಲ’ ಎಂಬ ಸತ್ಯ. ಇಷ್ಟು ಓದಿ ಅವನು ನಿಜ ಹೇಳಲು ಕಲಿತದ್ದು ಯಂತ್ರದ ಬಳಿ ಮಾತ್ರ.

ತೆಗೆದ ಪುಟಗಳಿಗೆಲ್ಲ ಬದಲಾಗಿ ಬರುವ ಈ ಒಂದೇ ಪುಟಕ್ಕೆ ಚಿತ್ರವೊಂದು ಬೇಕಿತ್ತು. ಅಪ್ಪನ ಫೋಟೋದಿಂದ ಅಪ್ಪನನ್ನು ಕತ್ತರಿಸಿದ. ಮಗ್ಗ ಉಳಿಯಿತು. ಬೆಳಕು ಚೆನ್ನಾಗಿ ಬಿದ್ದಿತ್ತು.

ಮಗ್ಗ ಗುಜರಿಗೆ ಹೋದಮೇಲೆ ಬೈರಪ್ಪ ಇದೇ ಅಂಗಡಿಯಲ್ಲಿ ಸೀರೆ ಮಡಿಚುತ್ತಿದ್ದ. ಊಟವಾದ ಮೇಲೆ ಫೋನು ಹಿಡಿದುಕೊಂಡು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದ.

“ಲೋ ಭಾನು, ಇದು ನಮ್ ಮಗ್ಗ ಅಲ್ವೇನೋ?”

“ಹೂಂ.”

“ನಾನೆಲ್ಲೋ?”

ಹೇಳಿಬಿಡಬೇಕೆನಿಸಿತು. ನಾಚಿಕೆಯಾಯಿತು. “ಜಾಗ ಸಾಲ್ಲಿಲ್ಲ ಕಣಪ್ಪ,” ಎಂದ.

ಬೈರಪ್ಪ ತಲೆಯಾಡಿಸಿದ. ಆಮೇಲೆ ಗುಟ್ಟು ಹೇಳುವವನಂತೆ ಹತ್ತಿರ ಬಗ್ಗಿದ. “ಅಕ್ಕಯ್ಯಮ್ಮನ ಚೀಟಿಗೆ ಹಿಡಿದ್ರೂ ನಮ್ದೇ ಬರ್ತದೆ! ಪಕ್ಕದ್ಮನೆ ಬೈಲಪ್ಪಂದಕ್ಕೂ ನಮ್ದೇ! ಅವ್ರೂ ಮಗ್ಗ ನಿಲ್ಸಿದೋರೇ ಅಲ್ವಾ, ಅವ್ರನ್ನೆಲ್ಲಾ ಬಿಟ್ಟು ನಮ್ದೇ ಹಾಕಿದೀಯಲ್ಲೋ. ಅವ್ರು ಬೇಜಾರ್ ಮಾಡ್ಕೊಳಲ್ವಾ?”

“ಮಾಡ್ಕೊಳಲ್ಲ ಬಿಡು.”

“ಓದಿಸಿದ್ದಕ್ಕೂ ಸಾರ್ಥಕ ಆಯ್ತು ಕಣೋ,” ಎಂದು ಬೈರಪ್ಪ ಮಗನ ಬೆನ್ನು ತಟ್ಟಿ ಇಳಿದುಹೋದ.

ಭಾನು ಮಹಡಿಯ ಕಟಕಟೆಯಿಂದ ಬಗ್ಗಿ ನೋಡಿದ. ಕೆಳಗೆ ಹಳೆಯ ಸೀರೆಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಅಪ್ಪ ಒಂದೊಂದೇ ಚೀಟಿ ಹುಡುಕಿ ಫೋನು ಹಿಡಿಯುತ್ತಿದ್ದ. ಪ್ರತಿ ಸಲವೂ ಆಳಿಲ್ಲದ ಅದೇ ಮಗ್ಗ ಬರುತ್ತಿತ್ತು. ಪ್ರತಿ ಸಲವೂ ಅವನು ಪಕ್ಕದವರನ್ನು ಕರೆದು, ತಾನು ಕೂರುತ್ತಿದ್ದ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದ.