ಮಗಳು ಸೀನಿದ ಜಾಗ

“ಏ ಮುದುಕಿ, ಕುರಿ ನಾತ ಹೊಡೀತಿದೀಯ. ಆ ಮೂಲೇಲಿ ಕೂತು ಉಣ್ಣೆ ಕತ್ತರಿಸ್ತಾ ಇರು. ಯಾರಾದ್ರೂ ಏನಾದ್ರೂ ಕೇಳಿದ್ರೆ ನಕ್ಕು ಸುಮ್ಮನಾಗು. ಬಾಯಿ ಬಿಟ್ಟೀಯ, ಜೋಕೆ.”

ಸಭಾಂಗಣದ ಬಾಗಿಲಲ್ಲಿ ನಿಂತು ಹೀಗೆಂದವನು ಪ್ರೊಫೆಸರ್ ತಲಾಂತ್. ಜೂರಾಕಾನ್ ಮೂಲೆಗೆ ಹೋಗಿ ಕೂತಳು. ನಾರಿನ್ ಬೆಟ್ಟದಿಂದ ರಾಜಧಾನಿಯ ಈ ವಿಶ್ವವಿದ್ಯಾಲಯದವರೆಗೆ ಬಸ್ಸಿನಲ್ಲಿ ಕುಲುಕಿ ಕುಲುಕಿ ಅವಳ ಸೊಂಟ ಹಿಡಿದುಹೋಗಿತ್ತು. ಮಡಿಲಲ್ಲಿ ಉಣ್ಣೆ ಕೊಯ್ಯುವ ಚಾಕು, ಪಕ್ಕದಲ್ಲಿ ಹಗ್ಗ ಕಟ್ಟಿದ ಒಂದು ಶಿರ್ದಾಕ್, ಉಣ್ಣೆ ಜಮಖಾನದ ಸುರುಳಿ.

ಇದೇ ತಲಾಂತ್ ಮೂರು ವರ್ಷದ ಹಿಂದೆ ಅವಳ ಗುಡಾರಕ್ಕೆ ಬಂದಿದ್ದ. ಆಗ ಕುರಿ ನಾತ ಅವನ ಮೂಗಿಗೆ ಬಡಿದಿರಲಿಲ್ಲ. ಎಜೆ, ಎಜೆ ಎಂದು ಅಕ್ಕನ ಸಲಿಗೆಯಲ್ಲಿ ಕೂತು ರೊಟ್ಟಿ ತಿಂದ, ಕುದುರೆ ಹಾಲು ಕುಡಿದ. ಮಗಳು ಜಿಪಾರ್ ಕೊಯ್ದು ಹೊಲಿದಿದ್ದ ಜೋಡಿ ಜಮಖಾನದಲ್ಲಿ ಒಂದನ್ನು, ಎರಡು ತಿಂಗಳಲ್ಲಿ ತಂದುಕೊಡ್ತೀನಿ ಎಂದು ಹೊತ್ತುಕೊಂಡು ಹೋದ. ಆಮೇಲೆ ಪತ್ತೆಯಿಲ್ಲ. ಹೋದ ವರ್ಷ ಜಿಪಾರ್ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತಳು. ಗುರುವಾರ ಅವಳ ವರ್ಷದ ಊಟ. ಸತ್ತವಳ ಕೈಕೆಲಸವನ್ನೆಲ್ಲ ಅವತ್ತು ಗುಡಾರದಲ್ಲಿ ಹಾಸಬೇಕು, ಜೋಡಿ ಒಡೆದಿರಬಾರದು. “ಬಂದು ನಮ್ಮವರ ಮುಂದೆ ಕತ್ತರಿಸಿ ತೋರಿಸು, ಅವತ್ತೇ ಕೊಡ್ತೀನಿ” ಎಂದು ಫೋನಿನಲ್ಲಿ ಅವನು ಹೇಳಿದ್ದಕ್ಕೇ ಅವಳು ಗುರುತಿಗೆಂದು ಜೋಡಿಯ ಇನ್ನೊಂದನ್ನೂ ಹೊತ್ತು ಬಂದದ್ದು.

ಜಿಪಾರಳ ಜಮಖಾನ ಎದುರು ಗೋಡೆಯಲ್ಲಿ ನೇತಾಡುತ್ತಿತ್ತು. ಕರಿ ಉಣ್ಣೆಯಲ್ಲಿ ಕೆಂಪು ಟಗರುಕೊಂಬು. ಅದರ ಕೆಳಗೆ ದಪ್ಪಕ್ಷರದಲ್ಲಿ ತಲಾಂತನ ಹೆಸರು. ಹದಿನಾಲ್ಕು ಮಂದಿ ಅಧ್ಯಾಪಕರು ಚಹಾ ಹೀರುತ್ತ ತಂತಮ್ಮ ಸಂಶೋಧನೆಯ ಮಾತಾಡುತ್ತಿದ್ದರು. ತಲಾಂತನ ಸರದಿ ಬಂತು.

“ಈ ಕೊಂಬಿನ ತುದಿ ನೋಡಿ. ನೆಟ್ಟಗೆ ಬಂದ ಗೆರೆ ಇಲ್ಲಿ ಕೊಂಕಿದೆ. ಪರಂಪರೆಯ ಸಮತೋಲವನ್ನ ನಾನು ಬೇಕಂತಲೇ ಮುರಿದದ್ದು ಇಲ್ಲಿ. ನನ್ನ ಮೂರು ವರ್ಷದ ಸಂಶೋಧನೆಯ ಸಾರ ಈ ಒಂದು ಗೆರೆ.”

ವಿಭಾಗದ ಮುಖ್ಯಸ್ಥೆ ವೆನೆರಾ ಕನ್ನಡಕ ಏರಿಸಿದಳು. “ಇದನ್ನ ಗಾಯ ಅಂತ ಓದಬಹುದಾ, ತಲಾಂತ್ ಶರ್ಷೇನೋವಿಚ್?”

“ಖಂಡಿತ. ಒಂದು ಶತಮಾನದ ಗಾಯ.”

ಎಲ್ಲರೂ ತಲೆದೂಗಿದರು. ಒಬ್ಬ ಬರೆದೂ ಕೊಂಡ.

“ಗಾಯಾನೂ ಇಲ್ಲ, ಮಣ್ಣೂ ಇಲ್ಲ” ಎಂದಳು ಜೂರಾಕಾನ್ ಮೂಲೆಯಿಂದ. “ಅಲ್ಲಿ ನನ್ನ ಮಗಳು ಸೀನಿದ್ಳು.”

ಯಾರೋ ಕಿಸಕ್ಕೆಂದು ನಕ್ಕರು. ತಲಾಂತನ ಮುಖ ಕಪ್ಪಿಟ್ಟಿತು. ಅವಳು ಎದ್ದು ಚಾಕುವಿನಿಂದ ಹಗ್ಗ ಕೊಯ್ದು ಸುರುಳಿ ಬಿಚ್ಚಿ ಎಲ್ಲರ ನಡುವೆ ನೆಲದ ಮೇಲೆ ಹಾಸಿದಳು.

“ಕೆಂಪು ಹಾಸು, ಕರಿ ಹಾಸು ಒಂದರ ಮ್ಯಾಲ ಒಂದ ಇಟ್ಟು ಒಂದ ಸಲಕ್ಕ ಕೊಯ್ತೀವ್ರಿ. ಕೆಂಪಿನ ಕೊಂಬು ಕರಿಯೊಳಗ ಕೂಡ್ತೈತಿ, ಕರಿದು ಕೆಂಪಿನೊಳಗ. ಅದಕ್ಕ ಜೋಡಿ. ಸೀನಿದಾಗ ಚಾಕು ಜಾರ್ತು, ತಪ್ಪು ಎರಡಕ್ಕೂ ಬಿತ್ತು. ನೋಡ್ರಿ ಬೇಕಾದ್ರ.”

ಬಗ್ಗಿ ನೋಡಿದರು. ಕೆಂಪು ಉಣ್ಣೆಯಲ್ಲಿ ಕರಿ ಕೊಂಬು, ಅದೇ ತುದಿಯಲ್ಲಿ ಅದೇ ಕೊಂಕು. ಹದಿನಾಲ್ಕು ಮಂದಿಗೂ ಸತ್ಯ ಗೊತ್ತಾಯಿತು. ವೆನೆರಾ ತಲಾಂತನನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡಳು.

“ತುಂಬಾ ಚೆನ್ನಾಗಿದೆ. ಇದೂ ನಮ್ಮ ಪ್ರದರ್ಶನಕ್ಕೆ ಸೇರಲಿ.”

ತಲಾಂತನಿಗೆ ಹೋದ ಉಸಿರು ಬಂತು. “ಇದೂ ನಮ್ಮ ಪ್ರಯೋಗದ್ದೇ ಮೇಡಂ. ಹಳ್ಳಿ ಹೆಂಗಸರ ಕೈಲಿ ಹೊಲಿಸಿದ್ದು. ತೆಗೆದಿಡಪ್ಪ” ಎಂದು ಬಾಗಿಲಲ್ಲಿದ್ದ ಕಾವಲಿನವನನ್ನು ಕರೆದ.

“ಅಗಾಯ್, ನೀವು ಓದಿಸೋ ಮೇಷ್ಟ್ರು. ನಮ್ಮ ಮನ್ಯಾಗ ಅನ್ನ ಉಂಡೀರಿ. ಗುರುವಾರ ಮಗಳ್ದು ವರ್ಷದ ಊಟ. ಎರಡೂ ಕೊಡ್ರಿ, ಹೋಗ್ತೀನಿ.”

“ಸತ್ತೋಳಿಗೆ ಯಾವುದು ಹಾಸಿದ್ರೇನು? ಹರಕು ಚಾಪೆ ಹಾಸ್ಕೋ ಹೋಗು.”

ಜೂರಾಕಾನ್ ಜಮಖಾನದ ಮೇಲೆ ಬೋರಲು ಬಿದ್ದು ಎಡಗೈಯಲ್ಲಿ ಅದರ ಅಂಚು ಹಿಡಿದಳು. ಕಾವಲಿನವನು ತಲೆವಸ್ತ್ರದ ಸಮೇತ ಕೂದಲಿಗೆ ಕೈಹಾಕಿ ಎಳೆದ. ವಸ್ತ್ರ ಕಿತ್ತು ಬಂತು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಹೆಂಗಸು ಹದಿನಾಲ್ಕು ಮಂದಿಯ ಮುಂದೆ ಬರಿತಲೆಯಲ್ಲಿ ಬಿದ್ದಿದ್ದಳು. ಅವನು ಅವಳ ಮುಖವನ್ನು ಮೇಜಿನ ಕಾಲಿಗೆ ಬಡಿದ. ಹಲ್ಲೊಂದು ಮುರಿದು ಬಾಯಿ ತುಂಬ ರಕ್ತವಾಯಿತು. ಎಡಗೈ ಬೆರಳುಗಳನ್ನು ತುಳಿದ, ಎರಡು ಲಟಕ್ಕೆಂದವು. ಅವಳು ಬಿಡಲಿಲ್ಲ.

“ಅಯ್ಯೋ, ರಕ್ತ ಬೀಳ್ತಿದೆ, ಆ ಜಮಖಾನ ಎತ್ಕೊಳ್ಳಿ” ಎಂದಳು ವೆನೆರಾ.

ತಲಾಂತ್ ಬಂದವನೇ ಬೂಟುಗಾಲನ್ನು ಜಿಪಾರ್ ಕೊಯ್ದ ಕೊಂಬಿನ ಮೇಲೆ ಊರಿ ನಿಂತು ಜಮಖಾನ ಎಳೆಯತೊಡಗಿದ. ಅವಳ ಗುಡಾರದೊಳಗೆ ಮುಲ್ಲಾ ಕೂಡ ಬೂಟು ಬಿಚ್ಚದೆ ಕಾಲಿಟ್ಟವನಲ್ಲ.

“ಕಾಲ್ ತಗೀರಿ, ಅಗಾಯ್.”

ಅವನು ಇನ್ನೂ ಒತ್ತಿದ.

“ಕಾಲ್ ತಗಿಯೋ, ಬೋಳಿಮಗನ.”

ಬಲಗೈಯ ಚಾಕು ಬೂಟಿನ ಚರ್ಮ ದಾಟಿ, ಪಾದ ದಾಟಿ, ಕೆಳಗಿನ ಉಣ್ಣೆಗೆ ಹೋಯಿತು. ಎರಡು ಬೆರಳು ದಪ್ಪದ ಉಣ್ಣೆಯನ್ನು ಒಂದೇ ಏಟಿಗೆ ಸೀಳಿ ರೂಢಿಯಾದ ಕೈ ಅದು. ತಲಾಂತ್ ಹಂದಿಯಂತೆ ಕಿರುಚಿ ಮಗುಚಿಬಿದ್ದ. ಅವಳು ಚಾಕು ಕಿತ್ತು ತಿರುಗಿದಳು. ಕಾವಲಿನವನು ಎಲ್ಲರಿಗಿಂತ ಮುಂಚೆ ಓಡಿದ. ಕುರ್ಚಿ ಉರುಳಿಸಿ, ಲೋಟ ಒಡೆದು, ಒಬ್ಬರನ್ನೊಬ್ಬರು ತುಳಿದು ಶತಮಾನದ ಗಾಯ ಬಲ್ಲವರೆಲ್ಲ ಹೊರಬಿದ್ದರು. ಹೊರಗಿನಿಂದ ಬೀಗ ಹಾಕಿದರು. ತಲಾಂತ್ ಒಳಗೇ ಉಳಿದ.

ಜೂರಾಕಾನ್ ತಲೆವಸ್ತ್ರ ಹುಡುಕಿ, ಒಂದೇ ಕೈಯಲ್ಲಿ ಹೇಗೋ ಕಟ್ಟಿಕೊಂಡಳು. ಗೋಡೆಯ ಜಮಖಾನವನ್ನು ಎಳೆದು ಕೆಳಗಿಳಿಸಿದಳು. ಎರಡನ್ನೂ ಅಂಚಿಗೆ ಅಂಚು ತಾಗಿಸಿ ಬಾಗಿಲ ಮುಂದೆ ಹಾಸಿ, ಬೂಟು ಬಿಚ್ಚಿ ನಡುವೆ ಕೂತಳು. ಅಳು ಬಂತು. ಮಗಳ ಹೆಸರು ಹಿಡಿದು ಜೋರಾಗಿ ಅತ್ತಳು.

“ಎಜೆ,” ತಲಾಂತ್ ಗೋಡೆಗೊರಗಿ ನರಳಿದ, “ಬಟ್ಟೆ ಏನಾದ್ರೂ ಕೊಡು. ರಕ್ತ ನಿಲ್ತಾ ಇಲ್ಲ.”

“ಅಕೀದೂ ನಿಲ್ಲಲಿಲ್ಲ” ಎಂದಳು.

ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಪೊಲೀಸ್ ಎಂದು ಯಾರೋ ಕೂಗಿದರು. ಬಾಗಿಲು ಅದುರಿತು.

“ಬರ್ರಿ” ಎಂದಳು ಜೂರಾಕಾನ್. “ಬೂಟ್ ಹೊರಗ ಬಿಚ್ಚಿಟ್ಟು ಬರ್ರಿ.”

ಬಾಗಿಲಿಗೆ ಒದೆಯ ಮೇಲೆ ಒದೆ ಬಿತ್ತು. ಅವಳು ಬಾಯಿಯ ರಕ್ತವನ್ನು ತೋಳಿಗೆ ಒರೆಸಿ ಮತ್ತೆ ಚಾಕು ಹಿಡಿದಳು.