ರಕ್ತಕ್ಕೆ ಕೆರೆಯ ನೀರು

"ಇಲ್ಲ ಅಂದ್ರ ಇಲ್ಲ, ಮೈಲಾರವ್ವ. ನಿನ್ನ ಮಗಳ ರಕ್ತದಾಗ ಮಲೇರಿಯಾ ಇಲ್ಲ," ಎಂದ ಪಂಢರಿನಾಥ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

"ನಿಮ್ಮ ದುರ್ಬೀನಿಗೆ ಪೊರಿ ಬಂದೈತಿ ನೋಡ್ರಿ! ದಿನಾ ಬಿಟ್ಟು ದಿನಾ ನಾಕು ಕೌದಿ ಹೊಚ್ಚಿದ್ರೂ ಅನ್ನವ್ವ ಗಡಗಡ ನಡಗತಾಳ. ಏನೂ ಇಲ್ಲಂತ!"

ಮೊರಬದ ಆಸ್ಪತ್ರೆಗೆ ನೀರು ತುಂಬುವ ಮೈಲಾರವ್ವನ ನಾಲಿಗೆ ಅಲ್ಲಿನ ಸೂಜಿಗಿಂತ ಚೂಪು. ಪಂಢರಿನಾಥನಿಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷ ಕಲಘಟಗಿಯಲ್ಲಿ ರಕ್ತ ಪರೀಕ್ಷಿಸುವ ಇದೇ ಕೆಲಸ ಮಾಡಿ ಬಂದವನು ಅವನು. ಆದರೆ ಇಲ್ಲಿಗೆ ವರ್ಗವಾಗಿ ಬಂದ ಹದಿನೈದು ದಿನದಲ್ಲಿ ರಕ್ತ ಹಚ್ಚಿದ ಒಂದೇ ಒಂದು ಗಾಜಿನಲ್ಲೂ ಮಲೇರಿಯಾ ಸಿಕ್ಕಿರಲಿಲ್ಲ. ಇಷ್ಟು ಸೊಳ್ಳೆಯ ಊರಲ್ಲಿ!

ಅನ್ನವ್ವನ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಣ್ಣ ಸರಿಯಾಗಿ ಕೂತರೆ ರಕ್ತದ ಲೇಪ ತಿಳಿಗುಲಾಬಿ ಕಾಣಬೇಕು; ರೋಗದ ಹುಳದ ಕೆಂಪು ಚುಕ್ಕೆ ಆಗಲೇ ಎದ್ದು ಕಾಣುವುದು. ಇದು ನೀಲಿಯಲ್ಲಿ ಅದ್ದಿದ ಅರಿವೆಯಂತಿತ್ತು. ಬಣ್ಣದ ಬಾಟಲಿ ಕಲಘಟಗಿಯಿಂದ ತಂದದ್ದೇ. ಬದಲಾದದ್ದು ಅದಕ್ಕೆ ಬೆರೆಸುವ ನೀರೊಂದೇ.

"ಈ ಬಣ್ಣಕ್ಕ ಯಾವ ನೀರು ತಂದಿಡ್ತಿ?"

"ಬಾವಿ ನೀರ್ರಿ."

ಅವನು ಪಕ್ಕದ ಕೊಡದಲ್ಲಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿದ. ಉಪ್ಪುಪ್ಪು, ಬರೀ ಸವಳು. "ಕೆರಿ ನೀರು ಯಾಕ ತರಲಿಲ್ಲ?"

"ಅದು ಕುಡಿಯೂ ನೀರ್ರಿ! ಚಪ್ಪಲಿ ಮೆಟ್ಟಿ ಆ ಕೆರಿ ಪಾವಟಿಗಿ ಸುದ್ದಾ ಇಳಿಯಂಗಿಲ್ಲ ನಾವು. ಅದರಾಗ ಮಂದಿ ರಕ್ತ ತೊಳಿಯೂದ? ಊರ ಮಂದಿ ನನ್ನ ಸುಮ್ಮನ ಬಿಟ್ಟಾರೇನ್ರಿ?"

ತಪ್ಪು ಆಕೆಯದಲ್ಲ. ಕಲಘಟಗಿಯ ನೀರೆಲ್ಲ ಸಿಹಿ; ಯಾವ ನೀರೆಂದು ಕೇಳುವ ರೂಢಿಯೇ ಇವನಿಗಿರಲಿಲ್ಲ. ನೀರಿನ ರುಚಿ ತಿಳಿಯದ ಮೂರ್ಖ ರಕ್ತ ಓದಲು ಕೂತಿದ್ದ.

"ಸವಳು ನೀರಿಗೆ ಬಣ್ಣ ಕೆಡತದ. ಹುಳ ಇದ್ರೂ ಕಾಣೂದಿಲ್ಲ. ತಪ್ಪು ನಂದು, ಮೈಲಾರವ್ವ."

ಆಕೆ ಬೈಯಲಿಲ್ಲ. ಮನೆಗೆ ಹೋಗಿ, ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ತುಂಬಿದ ತಂಬಿಗೆಯನ್ನೂ ಹಿಡಿದು ಬಂದಳು. "ಇದು ನನ್ನ ಪಾಲಿನ ಕೆರಿ ನೀರ್ರಿ. ಇವತ್ತ ನಾ ಬಾವೀದ ಕುಡೀತೀನಿ. ಯಾರರ ಕೇಳಿದ್ರ ಹಂಗ ಹೇಳ್ತೀನಿ."

ಅನ್ನವ್ವನ ಬೆರಳು ಚುಚ್ಚಿ ಹೊಸ ಲೇಪ ಎಳೆದ. ಬಣ್ಣ, ಕೆರೆಯ ನೀರು, ಹತ್ತು ನಿಮಿಷ. ಈ ಸಲ ಗಾಜು ಗುಲಾಬಿಯಾಯಿತು. ಒಳಗೆ ಉಂಗುರದಂಥವು, ಒಂದೊಂದಕ್ಕೂ ಕೆಂಪು ಹರಳು.

"ಹುಳ ಅವ," ಎಂದ ಮೆಲ್ಲಗೆ, ಗುಳಿಗೆಯ ಡಬ್ಬಿಗೆ ಕೈ ಹಾಕುತ್ತ.

ಮಗಳು ಗುಳಿಗೆ ನುಂಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಮೈಲಾರವ್ವ ಗೋಡೆಯ ಕಡೆ ತಿರುಗಿದಳು. ಅಲ್ಲಿ ಪೆಟ್ಟಿಗೆಯ ತುಂಬ ನೀಲಿ ಗಾಜುಗಳು. ಅಷ್ಟೂ ಮಂದಿಗೆ ಅವನು ಏನೂ ಇಲ್ಲವೆಂದು ಹೇಳಿ ಕಳಿಸಿದ್ದ.

"ಅವನ್ನೂ ಮತ್ತ ನೋಡಬೇಕೇನ್ರಿ?"

"ಎಲ್ಲಾನೂ." ಅವನು ತಾನು ಕುಡಿಯುವ ಕೆರೆನೀರಿನ ಹೂಜಿಯನ್ನು ಮೇಜಿನ ಮೇಲಿಟ್ಟ.

"ಅದು ಯಾತಕ್ಕ ಸಾಲತೈತ್ರಿ?" ಎಂದು ಆಕೆ ಕೊಡ ಎತ್ತಿಕೊಂಡಳು. ಆಸ್ಪತ್ರೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೆರೆಯ ದಾರಿ ಹಿಡಿದಳು.