ಅಲ್ಲಿ ಏನು ಕೆಲಸ ಅಂತ ಯಾರೂ ಕೇಳಲಿಲ್ಲ

"ಯಜಮಾನರನ್ನ ಒಂದು ಮಾತು ಕೇಳ್ಕೊಂಡು ಬಂದಿದ್ರೆ ಒಳ್ಳೇದಿತ್ತು, ಮೇಡಂ. ಗ್ಯಾರೇಜು ಎಷ್ಟಡಿ, ಸೂರು ಎಷ್ಟೆತ್ತರ, ಗೋಡೆ ಒಳಗೆ ಚಳಿ ತಡೆಯೋಕೆ ಏನಾದ್ರೂ ತುಂಬಿಸಿದಾರಾ, ಇದೆಲ್ಲ ಗೊತ್ತಿರ್ಬೇಕಾಗುತ್ತೆ" ಎಂದ ಅಂಗಡಿಯವನು. ಐವತ್ತರ ಆಸುಪಾಸಿನ ಆಳು. ಅಂಗಡಿಯ ಕೆಂಪು ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು.

"ಇಪ್ಪತ್ತೆರಡಡಿ ಉದ್ದ, ಇಪ್ಪತ್ತು ಅಗಲ, ಎಂಟು ಎತ್ತರ" ಎಂದಳು ಅಲ್ಬೀನಾ. "ಗೋಡೆ ತುಂಬಿಸಿದವಳು ನಾನೇ. ಯಜಮಾನ ಅಂತ ಯಾರೂ ಇಲ್ಲ. ಅರವತ್ತೊಂದು ವರ್ಷದಲ್ಲಿ ಬೇಕು ಅಂತ ಅನ್ನಿಸಿಯೂ ಇಲ್ಲ."

ಅವನು ಕೋಟಿನಷ್ಟೇ ಕೆಂಪಾಗಿ ಅವಳನ್ನು ಹೀಟರುಗಳ ಸಾಲಿಗೆ ಕರೆದುಕೊಂಡು ಹೋದ. ಮೊದಲಿಗೆ ಫಿರಂಗಿಯ ಹಾಗೆ ಬಾಯಿ ತೆರೆದು ಮಲಗಿದ್ದ ಸೀಮೆಎಣ್ಣೆಯ ಹೀಟರು. ಊರಿನಲ್ಲಿ ಎಲ್ಲರೂ ಅದನ್ನು ತೋಪು ಎಂದೇ ಕರೆಯುತ್ತಿದ್ದರು.

"ಗಣಿಯವರೆಲ್ಲ ಇದನ್ನೇ ಒಯ್ಯೋದು. ಹತ್ತು ನಿಮಿಷಕ್ಕೆ ಅಂಗಿ ಬಿಚ್ಚಿ ಕೂರ್ಬೇಕು."

"ಸದ್ದು?"

"ಸದ್ದೇನು ಮಹಾ? ಸ್ವಲ್ಪ ವಿಮಾನ ಮೇಲೇಳೋ ಥರ."

ಆಮೇಲೆ ಫ್ಯಾನು ಇರುವುದು. ಅದು ಗುಂಯ್ಯೆನ್ನುತ್ತ ಇಡೀ ಗ್ಯಾರೇಜಿನ ಧೂಳನ್ನು ಕುಣಿಸುತ್ತದೆ. ಆಮೇಲೆ ಸಿಲಿಂಡರಿಗೆ ಸಿಕ್ಕಿಸುವ ಗ್ಯಾಸಿನದು. ಸದ್ದಿಲ್ಲ, ಆದರೆ ಪಕ್ಕದ ಬಾಗಿಲನ್ನು ಒಂದಿಂಚು ತೆರೆದಿಡಬೇಕು.

"ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದೆ. ಬಾಗಿಲು ತೆರೆದಿಟ್ಟು ಒಳಗೆ ಬಿಸಿ ಮಾಡ್ಕೊಳ್ಳೋದಾ?" ಎಂದಳು.

"ಎಲ್ರೂ ಹಾಗೇ ಮಾಡ್ತಾರೆ, ಮೇಡಂ."

ಕೊನೆಯ ಮೂಲೆಯಲ್ಲಿ, ಯಾರೂ ಮುಟ್ಟದೆ ಧೂಳು ಹಿಡಿದು, ಸೂರಿನಿಂದ ತೂಗುಹಾಕುವ ಕರೆಂಟಿನ ಹಲಗೆಯೊಂದಿತ್ತು. ಫ್ಯಾನಿಲ್ಲ, ಉರಿಯಿಲ್ಲ, ಹೊಗೆಯಿಲ್ಲ. ಬಿಸಿಲು ಬಿದ್ದ ಹಾಗೆ ಮೇಲಿಂದ ಮೈಮೇಲೆ ಶಾಖ ಬೀಳುತ್ತದೆ, ಅಷ್ಟೇ. ಅಲ್ಬೀನಾ ಅದರ ಮುಂದೆ ನಿಂತಳು.

"ಅದು ಬೇಡ ಬಿಡಿ. ಬಿಸಿಯಾಗೋದು ನಿಧಾನ. ಇನ್ನೂರ ನಲವತ್ತು ವೋಲ್ಟಿನ ಬೇರೆ ಲೈನು ಎಳೀಬೇಕು. ಎಲೆಕ್ಟ್ರಿಷಿಯನ್ ಬೇಕಾಗ್ತಾನೆ. ಇದಾರಾ ನಿಮಗೆ ಯಾರಾದ್ರೂ?"

"ಇದಾನೆ" ಎಂದಳು ಅಲ್ಬೀನಾ. ತಮ್ಮನನ್ನು ಕೇಳಿ ಸೋಮವಾರ ಬರುತ್ತೇನೆಂದು ಹೇಳಿ ಹೊರಬಿದ್ದಳು.

ಟ್ರಕ್ಕಿನಲ್ಲಿ ಕೂತು ಎಂಜಿನ್ ಬಿಸಿಯಾಗುವುದನ್ನು ಕಾಯುವಷ್ಟರಲ್ಲಿ ಅವಳ ತಲೆ ಅದಕ್ಕಿಂತ ಮೊದಲೇ ಕಾದಿತ್ತು. ಉದ್ದ ಕೇಳಿದ, ಅಗಲ ಕೇಳಿದ, ಇಲ್ಲದ ಗಂಡನನ್ನೂ ಕೇಳಿದ. ಅಲ್ಲಿ ನೀವು ಏನು ಕೆಲಸ ಮಾಡ್ತೀರಿ ಅಂತ ಒಂದು ಮಾತು? ಊಹೂಂ. ಹೀಟರು ಬೇಕಾದದ್ದು ಗ್ಯಾರೇಜಿಗಾ, ಕೆಲಸಕ್ಕಾ?

ಅವಳ ಕೆಲಸ ಗುಂಡಿಪೆಟ್ಟಿಗೆಯದು. ಎದೆಗೆ ತಗುಲಿಸಿಕೊಂಡು, ತಿದಿ ಎಳೆದು ಒತ್ತಿ, ಗುಂಡಿಗಳ ಮೇಲೆ ಬೆರಳಾಡಿಸಿ ನುಡಿಸುವ ವಾದ್ಯ. ಸ್ಲೊವೇನಿಯಾದಿಂದ ಕಡಲು ದಾಟಿ ಇಲ್ಲಿಯ ಗಣಿ ಕೆಲಸಕ್ಕೆ ಬಂದ ಅಜ್ಜಂದಿರು ಹೊತ್ತು ತಂದದ್ದು. ಇವತ್ತಿಗೂ ಅದಿಲ್ಲದೆ ಊರಿನಲ್ಲಿ ಮದುವೆ ಇಲ್ಲ, ಹುಟ್ಟುಹಬ್ಬ ಇಲ್ಲ. ಗಣಿಯ ಪಾಳಿ ಮುಗಿಸಿ ಬಂದ ಮೇಲೆ ಅಪ್ಪ ಅದೇ ಗ್ಯಾರೇಜಿನಲ್ಲಿ ಊರಿನ ಪೆಟ್ಟಿಗೆಗಳಿಗೆಲ್ಲ ಶ್ರುತಿ ಮಾಡುತ್ತಿದ್ದ. ಇಬ್ಬರು ಮಕ್ಕಳಲ್ಲಿ ಕಿವಿ ಇದ್ದದ್ದು ಇವಳಿಗೆ. ಆದ್ದರಿಂದ ವಿದ್ಯೆಯೂ ಇವಳಿಗೇ ಬಂತು.

ಪೆಟ್ಟಿಗೆಯ ಒಳಗೆ ಒಂದೊಂದು ಸ್ವರಕ್ಕೂ ಎರಡೆರಡು ಉಕ್ಕಿನ ನಾಲಿಗೆಗಳು, ರೀಡುಗಳು. ಜೇನುಮೇಣದಿಂದ ಅವನ್ನು ಮರಕ್ಕೆ ಕೂರಿಸುವುದು. ಚಳಿಯಾದರೆ ಮೇಣ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಎರಡೂ ನಾಲಿಗೆ ಒಂದೇ ಸ್ವರ ಹಾಡಬೇಕು, ಆದರೆ ಒಂದು ಮಾತ್ರ ಕೂದಲೆಳೆಯಷ್ಟು ಮೇಲಿರಬೇಕು. ಆಗ ಸ್ವರ ಸಣ್ಣಗೆ ನಡುಗುತ್ತದೆ. ಅಪ್ಪ ಅದನ್ನು ನಡುಕ ಎಂದೇ ಕರೆಯುತ್ತಿದ್ದ. ಒಂದೊಂದು ಮನೆಯ ಪೆಟ್ಟಿಗೆಗೂ ಅದರದೇ ನಡುಕ. ಸೆಕೆಂಡಿಗೆ ಎಷ್ಟು ಸಲ ಎಂದು ಕಿವಿಯಲ್ಲೇ ಎಣಿಸಿ ಇಡಬೇಕು. ವಿಮಾನದ ಪಕ್ಕ ಕೂತು ಅದನ್ನು ಎಣಿಸುವುದು ಹೇಗೆ?

ಇಷ್ಟು ವರ್ಷ ಅಪ್ಪನ ಸೌದೆ ಒಲೆ ಇತ್ತು. ಈ ಸಲ ಎಲೆ ಉದುರುವ ಹೊತ್ತಿಗೆ ವಿಮೆಯವರು ಬಂದು, ಮರದ ಪುಡಿ ಇರುವ ಕಡೆ ಬೆಂಕಿ ಇರಕೂಡದು ಎಂದು ಅದನ್ನು ತೆಗೆಸಿದ್ದರು. ಈಗ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದ್ದುದು ಅಮ್ಮನ ಪೆಟ್ಟಿಗೆ. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಮಂಚದ ಕೆಳಗಿತ್ತು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಅಮ್ಮ ಮಾಲ್ಚಿಗೆ ತೊಂಬತ್ತು ತುಂಬುತ್ತದೆ. ಚರ್ಚಿನ ಸಭಾಂಗಣದಲ್ಲಿ ಎರಡೇ ಎರಡು ಹಾಡು ನುಡಿಸುತ್ತೇನೆಂದು ಮುದುಕಿ ಹಟ ಹಿಡಿದಿದ್ದಳು. ಊಟದ ಮೇಜಿನ ಅಂಚಿನ ಮೇಲೆ ದಿನವೂ ಬೆರಳು ಓಡಿಸಿ ಅಭ್ಯಾಸ ನಡೆದಿತ್ತು.

ಮನೆ ಸೇರಿದವಳೇ ತಮ್ಮ ಲಾಡಿಗೆ ಫೋನು ಮಾಡಿದಳು. ಮೂವತ್ತೊಂದು ವರ್ಷ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಈಗ ನಿವೃತ್ತ.

"ಬೇರೆ ಲೈನಾ? ಈ ಚಳೀಲಾ?" ಎಂದ ಲಾಡಿ. "ಅಟ್ಟದ ಮೇಲೆ ತೆವಳ್ಕೊಂಡು ಹೋಗ್ಬೇಕು ಕಣೇ. ಏಪ್ರಿಲ್‌ನಲ್ಲಿ ನೋಡೋಣ. ಅಡುಗೆಮನೇಲೇ ಮಾಡ್ಕೋಬಾರ್ದಾ ನಿನ್ನ ಕುಟುಕುಟು?"

"ಶ್ರುತಿ ಮೇಜು ಅಪ್ಪ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದು. ಅಡುಗೆಮನೇಲಿ ಫ್ರಿಜ್ಜು ಒಂದು ರಾಗ ಹಾಡುತ್ತೆ, ಅಮ್ಮನ ಟಿವಿ ಇನ್ನೊಂದು."

"ಸರಿ ಸರಿ, ಏನಾದ್ರೂ ಮಾಡೋಣ ಬಿಡು."

ಭಾನುವಾರ ಅಲ್ಬೀನಾ ಅಮ್ಮನನ್ನು ಪೂಜೆಗೆ ಕರೆದುಕೊಂಡು ಹೋದಳು. ಅಲ್ಲಿಂದ ಸಭಾಂಗಣದಲ್ಲಿ ಕಾಫಿ, ಅಕ್ರೋಟು ತುಂಬಿ ಸುತ್ತಿದ ಸಿಹಿ ರೊಟ್ಟಿ ಪೊಟೀತ್ಸದ ತುಂಡು, ಎಲ್ಲರ ಮೊಣಕಾಲು ನೋವಿನ ವಿಚಾರಣೆ. ಆ ಹೊತ್ತಿಗೆ ಲಾಡಿ ಬಂದು ಹೋಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಸೋಮವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆರೆದರೆ, ಬಚ್ಚಲುಮನೆ ಹೊಕ್ಕ ಹಾಗೆ ಬೆಚ್ಚನೆಯ ಆವಿ ಮುಖಕ್ಕೆ ಬಡಿಯಿತು. ನಟ್ಟನಡುವೆ ಗ್ಯಾಸಿನ ಹೀಟರು ಕೆಂಪಗೆ ಉರಿಯುತ್ತಿತ್ತು. ಸಿಲಿಂಡರಿನ ಕುತ್ತಿಗೆಗೆ ಕೆಂಪು ರಿಬ್ಬನ್ನು.

ಅವಳು ಹೀಟರನ್ನು ನೋಡಲಿಲ್ಲ. ಸೀದಾ ಮೇಜಿಗೆ ಹೋದಳು. ನೀಲಿ ಹೊಳಪಿನ ರೀಡುಗಳ ಮೇಲೆಲ್ಲ ಅರಿಸಿನ ಉದುರಿಸಿದ ಹಾಗೆ ತುಕ್ಕು.

ಲಾಡಿ ಕಾಫಿ ಫ್ಲಾಸ್ಕು ಹಿಡಿದು ನಗುತ್ತ ಒಳಗೆ ಬಂದ. "ಹೇಗಿದೆ? ನಿನ್ನೆಯಿಂದ ಉರೀತಿದೆ. ಹೀಟರಿನ ಜೊತೆ ಬಂದ ಕಾಗದದಲ್ಲಿ ಬರೆದ ಹಾಗೆ ಬಾಗಿಲಿಗೆ ಇಟ್ಟಿಗೆ ಕೊಟ್ಟು ಒಂದಿಂಚು ಬಿಟ್ಟಿದೀನಿ. ಇನ್ನು ಬನೀನಲ್ಲಿ ಕೂತು ಕೆಲ್ಸ ಮಾಡು!"

"ಕಿಟಕಿ ನೋಡು."

"ನೋಡ್ದೆ. ಮಂಜು ಕಟ್ಟಿದೆ."

"ಹೊರಗಾ, ಒಳಗಾ?"

ಲಾಡಿ ಹತ್ತಿರ ಹೋಗಿ ಉಗುರಿನಿಂದ ಕೆರೆದ. "ಒಳಗೆ. ಇಷ್ಟು ದಪ್ಪ! ನೀರೇನಾದ್ರೂ ಎರಚಿದ್ಯಾ?"

"ಎರಚಿದ್ದು ನೀನು."

"ನಾನು ಹಚ್ಚಿದ್ದು ಬೆಂಕಿ ಕಣೇ. ನೀರಲ್ಲ!"

"ಗ್ಯಾಸು ಉರಿದ್ರೆ ನೀರಾವಿ ಆಗುತ್ತೆ, ಲಾಡಿ. ಆ ಸಿಲಿಂಡರು ಪೂರ್ತಿ ಉರಿದ್ರೆ ಒಂದು ಬಕೆಟ್ ನೀರು. ಇಲ್ಲಿ ಹೊಗೆಕೊಳವೆ ಇಲ್ಲ, ಅದೆಲ್ಲಿಗೆ ಹೋಗ್ಬೇಕು? ತಣ್ಣಗಿರೋದು ಯಾವುದು ಅಂತ ಹುಡುಕಿ ಅದರ ಮೇಲೆ ಕೂರುತ್ತೆ. ಗಾಜು ತಣ್ಣಗಿತ್ತು. ಅಪ್ಪ ಶ್ರುತಿ ಮಾಡಿದ ರೀಡು ತಣ್ಣಗಿತ್ತು."

ಲಾಡಿ ಮೇಜಿನ ಮೇಲೆ ಬಾಗಿ ನೋಡಿದ. ಮುಖ ಸ್ವಲ್ಪ ಇಳಿಯಿತು. ಆದರೂ ಸೋಲುವ ಜಾತಿಯಲ್ಲ. "ಇಷ್ಟೇ ತಾನೇ? ಒರೆಸಿದ್ರೆ ಹೋಗುತ್ತೆ."

"ಒರೆಸಿದ್ರೆ ತುಕ್ಕಿನ ಜೊತೆ ಉಕ್ಕೂ ಹೋಗುತ್ತೆ. ಉಕ್ಕು ಹೋದ್ರೆ ಸ್ವರ ಸರಿಯುತ್ತೆ. ಅಪ್ಪ ಇಟ್ಟ ನಡುಕ ಹೋಯ್ತು ಅಂತಲೇ ಲೆಕ್ಕ. ಅದನ್ನ ಅವನು ಎಲ್ಲೂ ಬರೆದಿಟ್ಟಿಲ್ಲ. ಅಮ್ಮನ ಹುಟ್ಟುಹಬ್ಬಕ್ಕೆ ಇನ್ನು ಆರು ದಿನ ಇದೆ."

"ನನಗಂತೂ ಎಲ್ಲ ಒಂದೇ ಥರ ಕೇಳ್ಸುತ್ತೆ."

"ನಿನಗೆ ಚರ್ಚಿನ ಗಂಟೆಗೂ ಹಸುವಿನ ಕೊರಳ ಗಂಟೆಗೂ ವ್ಯತ್ಯಾಸ ಗೊತ್ತಾಗಲ್ಲ!"

"ನೋಡು, ನಿನಗೆ ಚಳಿಯಾಗಬಾರ್ದು ಅಂತ ತಂದೆ. ಒಂದು ಥ್ಯಾಂಕ್ಸ್ ಹೇಳಿದ್ರೆ ನಿನ್ನ ಬಾಯೇನು ಸವೆದು ಹೋಗ್ತಿತ್ತಾ?"

ಅಲ್ಬೀನಾ ಹೀಟರಿನ ತಿರುಪು ತಿರುಗಿಸಿ ಉರಿ ಆರಿಸಿದಳು. ಅವಳ ದನಿ ಏರಲಿಲ್ಲ. ಏರದೇ ಇದ್ದದ್ದಕ್ಕೇ ಲಾಡಿ ಒಂದು ಹೆಜ್ಜೆ ಹಿಂದೆ ಸರಿದ.

"ಗಣಿಯಲ್ಲಿ ನೀನು ಊಟಕ್ಕೆ ಹೋದಾಗ ಯಾವನಾದ್ರೂ ಬಂದು, ನಿನ್ನನ್ನ ಒಂದು ಮಾತೂ ಕೇಳದೆ, ನಿನ್ನ ಕರೆಂಟಿನ ಪೆಟ್ಟಿಗೆ ಬಿಚ್ಚಿ ತನಗೆ ತೋಚಿದ ಹಾಗೆ ತಂತಿ ಸಿಕ್ಕಿಸಿ, ಅದಕ್ಕೊಂದು ರಿಬ್ಬನ್ನು ಕಟ್ಟಿ ಹೋಗಿದ್ರೆ ಏನು ಮಾಡ್ತಿದ್ದೆ?"

"ಕೈ ಮುರೀತಿದ್ದೆ" ಎಂದ ಲಾಡಿ, ಯೋಚಿಸದೆ.

"ಹೂಂ."

ಲಾಡಿ ಫ್ಲಾಸ್ಕಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

"ಅಂಗಡಿಯವನಿಗೆ ನನ್ನ ಗಂಡ ಬೇಕಿತ್ತು. ವಿಮೆಯವನು ಕಾಗದದಲ್ಲಿ 'ಹವ್ಯಾಸದ ಕೋಣೆ' ಅಂತ ಬರ್ಕೊಂಡು ಹೋದ. ನಿನಗೆ ಇದು ಕುಟುಕುಟು. ನಲವತ್ತು ವರ್ಷದಿಂದ ಈ ಊರಿನ ಒಂದೊಂದು ಪೆಟ್ಟಿಗೆಯೂ ಈ ಮೇಜಿನ ಮೇಲೆ ಬಿಚ್ಚಿ ಕೂತಿದೆ, ಲಾಡಿ. ನಿನ್ನ ಮದುವೆಯಲ್ಲಿ ನುಡಿಸಿದ್ದೂ ಸೇರಿ. ಅಲ್ಲಿ ಏನು ಮಾಡ್ತೀಯ ಅಂತ ನೀನು ಒಂದು ದಿನ ಕೇಳಿದೀಯಾ?"

ಲಾಡಿ ಸಿಲಿಂಡರಿನ ರಿಬ್ಬನ್ನು ಬಿಚ್ಚಿ ಜೇಬಿಗೆ ತುರುಕಿದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ. "ಈಗ ಕೇಳ್ತಿದೀನಿ. ಏನು ಮಾಡ್ತೀಯ?"

ಕೇಳುವುದು ಅಣಕಕ್ಕೋ ನಿಜಕ್ಕೋ ಎಂದು ಅವಳು ಅವನ ಮುಖ ನೋಡಿದಳು. ನಿಜಕ್ಕೇ ಎನ್ನಿಸಿತು. ಡಬ್ಬಿಯೊಳಗಿದ್ದು ತುಕ್ಕು ಹತ್ತದೆ ಉಳಿದ, ಬೇರೆ ಪೆಟ್ಟಿಗೆಯ ರೀಡುಗಳ ಒಂದು ಜೋಡಿಯನ್ನು ಶ್ರುತಿ ಮೇಜಿನ ರಂಧ್ರದ ಮೇಲಿಟ್ಟು, ಕೆಳಗಿನ ತಿದಿ ಒತ್ತಿದಳು. ಸ್ವರ ಎದ್ದಿತು.

"ಕೇಳ್ಸುತ್ತಾ ನಡುಕ?"

"ಸ್ವರ ಕೇಳ್ಸುತ್ತೆ. ನಡುಕ ಇಲ್ಲ."

"ಕೈ ಇಡು ಇಲ್ಲಿ."

ಲಾಡಿ ಮರದ ಮೇಲೆ ಅಂಗೈ ಇಟ್ಟ. ಹುಬ್ಬುಗಳು ಮೇಲೆದ್ದವು.

"ಏ! ಇದು ಗೊತ್ತು ಕಣೇ ನನಗೆ! ಎರಡು ಜನರೇಟರು ಜೋಡಿಸೋವಾಗ ಹೀಗೇ ಆಗುತ್ತೆ. ಒಂದು ಇನ್ನೊಂದಕ್ಕಿಂತ ಚೂರು ಜೋರು ತಿರುಗ್ತಿದ್ರೆ ನಡುವೆ ಕಟ್ಟಿರೋ ದೀಪ ಮಿಣಕ್... ಮಿಣಕ್ ಅನ್ನುತ್ತೆ. ಆ ಮಿಣುಕು ಎಣಿಸಿ, ಅದು ಪೂರ್ತಿ ನಿಧಾನ ಆದಾಗ ಸ್ವಿಚ್ಚು ಒತ್ತೋದು. ಎಣಿಸೋದು ತಪ್ಪಿದ್ರೆ ಎಲ್ಲ ಸುಟ್ಟುಹೋಗುತ್ತೆ. ಎಣಿಸೋವಾಗ ಯಾರಾದ್ರೂ ಮಾತಾಡಿದ್ರೆ ನಾನು..." ಅವನು ಅಲ್ಲಿಗೇ ನಿಲ್ಲಿಸಿದ.

"ಕೈ ಮುರೀತಿದ್ದೆ" ಎಂದಳು ಅಲ್ಬೀನಾ.

ಲಾಡಿ ಎದ್ದು ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ನಡಿ, ಅಂಗಡಿಗೆ ಹೋಗೋಣ."

ಅಂಗಡಿಯಲ್ಲಿ ಅದೇ ಕೆಂಪು ಕೋಟು. ಲಾಡಿಯನ್ನು ಕಂಡದ್ದೇ ಅವನ ಮುಖ ಅರಳಿತು. "ಬನ್ನಿ ಸಾರ್! ಮೇಡಂಗೆ ಆವತ್ತೇ ಹೇಳಿದ್ದೆ, ನೀವು ಬಂದ್ರೆ ಸಲೀಸು ಅಂತ. ಗ್ಯಾರೇಜಿನ ಅಳತೆ ಎಷ್ಟು, ಸಾರ್?"

"ನನ್ನನ್ಯಾಕೆ ನೋಡ್ತೀರಿ?" ಎಂದ ಲಾಡಿ. ಇವತ್ತು ಬೆಳಗಿನವರೆಗೂ ತಾನೂ ಆ ಕೆಂಪು ಕೋಟಿನವನಂತೆಯೇ ಇದ್ದುದು ಮರೆತೇ ಹೋದವನ ಹಾಗೆ ಸಿಡುಕಿದ. "ಅವಳು ಅಲ್ಲಿ ಏನು ಕೆಲ್ಸ ಮಾಡ್ತಾಳೆ ಅಂತ ಮೊದಲು ಅವಳನ್ನ ಕೇಳ್ರೀ!"

"ಏನು... ಏನು ಕೆಲ್ಸ, ಮೇಡಂ?"

ಅಲ್ಬೀನಾ ಕೈಗವಸು ಬಿಚ್ಚಿ ಕೌಂಟರಿನ ಮೇಲಿಟ್ಟು ಹೇಳಿದಳು. ಒಂದೂ ಬಿಡದೆ ಹೇಳಿದಳು. ಹಿಂದೆ ನಿಂತಿದ್ದವರು ಕಾಲು ಬದಲಿಸಿದರು. ಅವಳು ಮೇಣದಿಂದ ಮತ್ತೆ ಶುರು ಮಾಡಿದಳು.

ಮಂಗಳವಾರ ಇಡೀ ದಿನ ಲಾಡಿ ಅಟ್ಟದ ಮೇಲೆ ತೆವಳುತ್ತ, ಚಳಿಯನ್ನು, ಜೇಡಬಲೆಯನ್ನು, ಮನೆ ಕಟ್ಟಿದ ಬಡಗಿಯನ್ನು ಬಯ್ಯುತ್ತ ದಪ್ಪ ತಂತಿ ಎಳೆದ. ಕೆಳಗೆ ಅಡುಗೆಮನೆಯಲ್ಲಿ ಅಲ್ಬೀನಾ ಒಂದೊಂದೇ ರೀಡಿನ ತುಕ್ಕು ಕೆರೆದಳು. ಅಮ್ಮ ನೋಡಿದಳು. ಟಿವಿಯ ಸದ್ದು ತಾನಾಗಿಯೇ ಕಡಿಮೆ ಮಾಡಿದಳು.

ಬುಧವಾರ ಬೆಳಗ್ಗೆ ಹಲಗೆ ಸೂರಿಗೇರಿತು. ಮಧ್ಯಾಹ್ನ ಅಮ್ಮನನ್ನು ಕೋಟು, ಟೋಪಿ, ಕೈಗವಸು ಸಮೇತ ಕರೆತಂದು ಅದರ ಕೆಳಗೆ ಕೂರಿಸಿದರು.

"ಹೊತ್ತಿಸಿದೀರಾ ಇಲ್ವಾ? ಸದ್ದೇ ಇಲ್ಲವಲ್ಲ" ಎಂದಳು ಮಾಲ್ಚಿ.

"ಸದ್ದು ಇರಬಾರ್ದು ಅಂತಾನೇ ಇದು, ಅಮ್ಮ" ಎಂದ ಲಾಡಿ, ತಾನೇ ಕಂಡುಹಿಡಿದವನ ಹಾಗೆ.

ಅಲ್ಬೀನಾ ಕೆರೆದು ಸರಿಮಾಡಿದ ಮೊದಲ ಜೋಡಿಯನ್ನು ಮೇಜಿನ ಮೇಲಿಟ್ಟು ತಿದಿ ಒತ್ತಿದಳು. ಸೆಕೆಂಡಿಗೆ ನಾಲ್ಕು. ಅವಳಿಗೆ ನೆನಪಿದ್ದದ್ದು ಅಷ್ಟು.

"ಇದು ನಿಮ್ಮಪ್ಪನದಲ್ಲ" ಎಂದಳು ಅಮ್ಮ. "ಅವಸರ ಜಾಸ್ತಿಯಾಯ್ತು. ಅವನು ಯಾವತ್ತಾದ್ರೂ ಅವಸರ ಮಾಡಿದವನಾ? ಮದುವೆಗೇ ಲೇಟಾಗಿ ಬಂದ."

ಅಲ್ಬೀನಾ ರೀಡಿನ ಬುಡವನ್ನು ಎರಡು ಸಲ ಕೆರೆದಳು. ಒತ್ತಿದಳು. ಅಮ್ಮ ತಲೆಯಾಡಿಸಿದಳು, ಇಲ್ಲ. ಮತ್ತೊಂದು ಗೀರು. ಲಾಡಿ ಕೇಳದೆಯೇ ಬಂದು ಮರದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸಿದ.

"ಮೂರು" ಎಂದ.

"ಮೂರಕ್ಕಿಂತ ಚೂರು ಹೆಚ್ಚು" ಎಂದಳು ಅಲ್ಬೀನಾ. "ಅಮ್ಮ? ಈಗ?"

"ಸುಮ್ನಿರ್ರೋ ಇಬ್ರೂ. ಇನ್ನೊಂದ್ಸಲ ಒತ್ತು."

ಅವಳು ಒತ್ತಿದಳು. ಸ್ವರ ಎದ್ದು, ಮೆಲ್ಲಗೆ ನಡುಗುತ್ತ ಗ್ಯಾರೇಜಿನ ಉದ್ದಕ್ಕೂ ನಿಂತಿತು. ಕಿಟಕಿಯ ಒಳಗಿನ ಮಂಜು ಕರಗಿ ಒಂದು ಹನಿ ಕೆಳಗೆ ಜಾರಿತು. ಮಾಲ್ಚಿ ಬಲಗೈಯ ಗವಸನ್ನು ಹಲ್ಲಿನಿಂದ ಎಳೆದು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡಳು. ಅವಳ ಬೆರಳುಗಳು ಕೋಟಿನ ದಪ್ಪ ಗುಂಡಿಗಳ ಮೇಲೆ ಮೇಲಿಂದ ಕೆಳಗೆ ಓಡತೊಡಗಿದವು.